ತಾಂತ್ರಿಕ ಡೈವಿಂಗ್: ಉಪಕರಣ ಕೊಳ್ಳುವ ಮೊದಲು ತಿಳಿಯಬೇಕಾದದ್ದು

ಮಾನ್ಯ ಸಂಪಾದಕರೆ,

ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್ ಈಗ ಕರಾವಳಿಯವರಿಗೆ ಮಾತ್ರ ಗೊತ್ತಿರುವ ಸಂಗತಿಯಾಗಿ ಉಳಿದಿಲ್ಲ. ಮಳೆಗಾಲ ಮುಗಿದು ಸಮುದ್ರ ತಿಳಿಯಾಗುತ್ತಿದ್ದಂತೆ ಚಿತ್ರದುರ್ಗ, ದಾವಣಗೆರೆ, ಹರಿಹರ, ಹಿರಿಯೂರುಗಳಿಂದಲೂ ಯುವಕ ಯುವತಿಯರು ಶುಕ್ರವಾರ ರಾತ್ರಿ ಹೊರಟು ಮುರುಡೇಶ್ವರ ತಲುಪಿ, ಎರಡು ದಿನ ನೀರಿಗಿಳಿದು, ಭಾನುವಾರ ರಾತ್ರಿಯೊಳಗೆ ಊರು ಸೇರುತ್ತಿದ್ದಾರೆ. ಬಯಲುಸೀಮೆಯ ಮಕ್ಕಳು ಸಮುದ್ರದ ಒಳಗನ್ನು ಕಾಣುತ್ತಿರುವುದು ನನಗೆ ನಿಜಕ್ಕೂ ಸಂತೋಷದ ವಿಷಯ. ಆದರೆ ಅವರಲ್ಲಿ ಕೆಲವರು ಮೊದಲ ಪ್ರಮಾಣಪತ್ರ ಕೈಗೆ ಬಂದ ಸ್ವಲ್ಪ ಕಾಲದಲ್ಲೇ ‘ಟೆಕ್’ ಎಂದು ಕರೆಯಲಾಗುವ ತಾಂತ್ರಿಕ ಡೈವಿಂಗ್‌ನ ಕಡೆಗೆ ಮನಸ್ಸು ಹರಿಸಿ, ತರಬೇತಿಗಿಂತ ಮೊದಲೇ ಜೋಡಿ ಸಿಲಿಂಡರ್, ಆಕ್ಸಿಜನ್ ಬಾಟಲಿ, ರೀಬ್ರೀದರ್ (ಹೊರಬಿಟ್ಟ ಉಸಿರನ್ನೇ ಶುದ್ಧಗೊಳಿಸಿ ಮತ್ತೆ ಕೊಡುವ ಯಂತ್ರ) ಮುಂತಾದವುಗಳನ್ನು, ಅದರಲ್ಲೂ ಹಳೆಯದನ್ನು, ಕೊಳ್ಳಲು ಮುಂದಾಗುತ್ತಿರುವುದನ್ನು ನೋಡಿ ಈ ಪತ್ರ ಬರೆಯುತ್ತಿದ್ದೇನೆ. ಕಾರ್ಖಾನೆಗಳ ಕಂಪ್ರೆಸರ್ ಮತ್ತು ಗ್ಯಾಸ್ ಸಿಲಿಂಡರ್‌ಗಳ ನಿರ್ವಹಣೆ ನನ್ನ ಜೀವನೋಪಾಯ. ಡೈವಿಂಗ್ ನನ್ನ ಹವ್ಯಾಸ. ತಾಂತ್ರಿಕ ತರಬೇತಿಯ ಆರಂಭದ ಹಂತಗಳನ್ನು ನಾನೂ ದಾಟುತ್ತಿದ್ದೇನೆ. ಉಪಕರಣ ಹೆಚ್ಚಿದಷ್ಟೂ ಅಪಾಯ ಕಡಿಮೆಯಾಗುತ್ತದೆ ಎಂಬ ನಂಬಿಕೆ ಈ ಕ್ಷೇತ್ರಕ್ಕೆ ಹೊಸದಾಗಿ ಬರುವ ಬಹುತೇಕರಲ್ಲಿದೆ. ಅದು ತಪ್ಪು ಎಂಬುದನ್ನು ಕಾರಣಗಳೊಂದಿಗೆ ಹೇಳುವುದಷ್ಟೇ ನನ್ನ ಉದ್ದೇಶ.

ತಾಂತ್ರಿಕ ಡೈವಿಂಗ್ ಎಂದರೆ ಏನು ಎಂಬುದನ್ನು ಮೊದಲು ಹೇಳಬೇಕು. ಮೊದಲ ಹಂತದ ಪ್ರಮಾಣಪತ್ರ ಪಡೆದವರಿಗೆ 18 ಮೀಟರ್, ಮುಂದಿನ ಹಂತದವರಿಗೆ 30 ಮೀಟರ್, ವಿಶೇಷ ತರಬೇತಿ ಪಡೆದ ಹವ್ಯಾಸಿಗಳಿಗೆ 40 ಮೀಟರ್ ಎಂಬ ಮಿತಿಯನ್ನು ತರಬೇತಿ ಸಂಸ್ಥೆಗಳು ಹಾಕಿವೆ. ನಮ್ಮ ಜಿಲ್ಲೆಯವರಿಗೆ ಈ ಕೊನೆಯ ಅಳತೆ ಸುಲಭವಾಗಿ ಅರ್ಥವಾಗುತ್ತದೆ. 2022ರಲ್ಲಿ 89 ವರ್ಷಗಳ ಬಳಿಕ ಮಾರಿಕಣಿವೆ ಕೋಡಿ ಬಿದ್ದಾಗ ಎಲ್ಲರ ಬಾಯಲ್ಲಿದ್ದ 130 ಅಡಿ ಎಂಬ ಅಂಕಿಯೇ 40 ಮೀಟರ್. ಹವ್ಯಾಸಿ ಡೈವರ್ ಈ ಮಿತಿಯೊಳಗೆ, ನಿಗದಿತ ಸಮಯದೊಳಗೆ ಇರುವವರೆಗೆ ಏನೇ ತೊಂದರೆಯಾದರೂ ನಿಧಾನವಾಗಿ ನೇರ ಮೇಲಕ್ಕೆ ಬರಬಹುದು. ತಾಂತ್ರಿಕ ಡೈವರ್‌ಗೆ ಆ ಅವಕಾಶ ಇರುವುದಿಲ್ಲ. ಒಂದೋ ಆತ ಮುಳುಗಿದ ಹಡಗಿನ ಅಥವಾ ಗುಹೆಯ ಒಳಗಿರುತ್ತಾನೆ, ಇಲ್ಲವೇ ಅವನ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗಿರುವ ನೈಟ್ರೋಜನ್ ಹೊರಹೋಗಲು ಬೇಕಾದಷ್ಟು ಹೊತ್ತು 21, 12, 9, 6 ಮೀಟರ್ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನಿಂತು ಬರಬೇಕಾಗಿರುತ್ತದೆ. ಡಿಕಂಪ್ರೆಷನ್ ಎಂದು ಕರೆಯಲಾಗುವ, ಹೀಗೆ ತಂಗುತ್ತಾ ಮೇಲೇಳುವ ಈ ಕ್ರಮವನ್ನು ಜಾನ್ ಸ್ಕಾಟ್ ಹಾಲ್ಡೇನ್ 1908ರಲ್ಲೇ ಪ್ರಕಟಿಸಿದರು. ಇಂದಿನ ಡೈವ್ ಕಂಪ್ಯೂಟರ್‌ಗಳು ಮಾಡುವ ಲೆಕ್ಕಕ್ಕೂ ಅದೇ ಬುನಾದಿ. ಆ ತಂಗುವಿಕೆಯನ್ನು ಬಿಟ್ಟು ಮೇಲೆ ಬಂದರೆ ನೈಟ್ರೋಜನ್ ದೇಹದೊಳಗೇ ಗುಳ್ಳೆಗಟ್ಟುತ್ತದೆ. ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನು ಬೇಕಾದರೂ ಆಗಬಹುದು. ಆದ್ದರಿಂದ ತಾಂತ್ರಿಕ ಡೈವಿಂಗ್‌ನ ಪ್ರತಿಯೊಂದು ಉಪಕರಣಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ಆಳದಲ್ಲಿ ಕೈಕೊಟ್ಟರೆ, ಮೇಲೆ ಬರಲಾಗದ ಸ್ಥಿತಿಯಲ್ಲಿ, ನನ್ನ ಬಳಿ ಏನು ಉಳಿದಿರುತ್ತದೆ?

ಗಾಳಿಯ ಲೆಕ್ಕದಿಂದಲೇ ಆರಂಭಿಸೋಣ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುವುದರಿಂದ 40 ಮೀಟರ್‌ನಲ್ಲಿ ಒತ್ತಡ ಮೇಲಿನದಕ್ಕಿಂತ ಐದು ಪಟ್ಟು ಇರುತ್ತದೆ. ಒಂದೊಂದು ಉಸಿರಿಗೂ ಐದು ಪಟ್ಟು ಗಾಳಿ ಖರ್ಚಾಗುತ್ತದೆ. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನು ಅಲ್ಲಿ 100 ಲೀಟರ್ ಬಳಸುತ್ತಾನೆ. ಗಾಬರಿಯಾದಾಗ ಉಸಿರು ಸುಲಭವಾಗಿ ಇಮ್ಮಡಿಯಾಗುತ್ತದೆ. ಒಬ್ಬನ ಗಾಳಿ ಮುಗಿದು ಇಬ್ಬರೂ ಒಂದೇ ಸಿಲಿಂಡರ್‌ನಿಂದ ಉಸಿರಾಡಬೇಕಾಗಿ ಬಂದರೆ ಆ ಆಳದಲ್ಲಿ ನಿಮಿಷಕ್ಕೆ 400 ಲೀಟರ್ ಬೇಕು. ಒಂದು ನಿಮಿಷ ಪರಿಸ್ಥಿತಿಯನ್ನು ಸರಿಪಡಿಸಿಕೊಳ್ಳಲು, ನಿಮಿಷಕ್ಕೆ 9 ಮೀಟರ್ ವೇಗದಲ್ಲಿ ಮೇಲೇರಲು ಸುಮಾರು ನಾಲ್ಕೂವರೆ ನಿಮಿಷ, 5 ಮೀಟರ್‌ನಲ್ಲಿ ಮೂರು ನಿಮಿಷದ ಮುನ್ನೆಚ್ಚರಿಕೆಯ ತಂಗುವಿಕೆ ಎಂದು ಕೂಡಿಸಿದರೆ ಇಬ್ಬರಿಗೂ ಸೇರಿ 1,800 ಲೀಟರ್ ದಾಟುತ್ತದೆ. 12 ಲೀಟರ್ ಗಾತ್ರದ ಸಿಲಿಂಡರ್‌ನಲ್ಲಿ 200 ಬಾರ್ (ಒಂದು ಬಾರ್ ಎಂದರೆ ಸುಮಾರು ಒಂದು ವಾತಾವರಣದ ಒತ್ತಡ) ತುಂಬಿದರೆ ಇರುವುದು 2,400 ಲೀಟರ್. ಅಂದರೆ ಒತ್ತಡ ಅಳೆಯುವ ಗೇಜ್ 150 ಬಾರ್ ತೋರಿಸುತ್ತಿರುವಾಗಲೇ ಹಿಂದಿರುಗಬೇಕು. ‘50 ಬಾರ್ ಉಳಿಸಿಕೊಂಡು ಬಂದರೆ ಸಾಕು’ ಎಂದು ಹವ್ಯಾಸಿಗಳಿಗೆ ಹೇಳಿಕೊಡುವ ಮಾತು ಈ ಆಳದಲ್ಲಿ ಇಬ್ಬರಿಗೆ ಒಂದೂವರೆ ನಿಮಿಷಕ್ಕಿಂತ ಹೆಚ್ಚು ಬಾರದು. ಇದರಲ್ಲಿ ಡಿಕಂಪ್ರೆಷನ್ ತಂಗುವಿಕೆಯ ಲೆಕ್ಕ ಇನ್ನೂ ಸೇರಿಲ್ಲ. ಯಾವುದೇ ಅಂಗಡಿಗೆ ಹೋಗುವ ಮೊದಲು ಈ ಗುಣಾಕಾರವನ್ನು ತನ್ನದೇ ಉಸಿರಿನ ಪ್ರಮಾಣ ಹಾಕಿ ಕಾಗದದ ಮೇಲೆ ಮಾಡಿ ನೋಡುವುದು ತಾಂತ್ರಿಕ ಡೈವಿಂಗ್‌ನ ನಿಜವಾದ ಮೊದಲ ಪಾಠವೆಂದು ನಾನು ಭಾವಿಸುತ್ತೇನೆ.

ಈ ಲೆಕ್ಕದಿಂದಲೇ ಜೋಡಿ ಸಿಲಿಂಡರ್ ಬಂದಿದೆ. ಬೆನ್ನಿನ ಮೇಲೆ ಎರಡು ಸಿಲಿಂಡರ್, ಅವೆರಡನ್ನೂ ಮೇಲ್ಭಾಗದಲ್ಲಿ ಸೇರಿಸುವ ಮ್ಯಾನಿಫೋಲ್ಡ್, ಅದರ ನಡುವೆ ಎರಡನ್ನೂ ಬೇರ್ಪಡಿಸಬಲ್ಲ ಐಸೊಲೇಟರ್ ಎಂಬ ವಾಲ್ವ್, ಎಡಕ್ಕೊಂದು ಬಲಕ್ಕೊಂದು, ಗಾಳಿಯ ಒತ್ತಡ ತಗ್ಗಿಸಿ ಬಾಯಿಗೆ ಕೊಡುವ ರೆಗ್ಯುಲೇಟರ್. ಒಂದು ರೆಗ್ಯುಲೇಟರ್ ತಾನೇ ತಾನಾಗಿ ಗಾಳಿ ಚೆಲ್ಲತೊಡಗಿದರೆ ತುಂಬಿದ ಸಿಲಿಂಡರ್ ಕೂಡ ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ. ಆಗ ಕೈಯನ್ನು ತಲೆಯ ಹಿಂದಕ್ಕೆ ಚಾಚಿ ಆ ಬದಿಯ ವಾಲ್ವ್ ಮುಚ್ಚಿ, ಇನ್ನೊಂದು ರೆಗ್ಯುಲೇಟರ್‌ನಿಂದ ಉಳಿದ ಗಾಳಿಯನ್ನೆಲ್ಲ ಬಳಸಬಹುದು. ವ್ಯವಸ್ಥೆ ಚೆನ್ನಾಗಿದೆ. ಆದರೆ ಅದು ತನ್ನದೇ ಆದ ಹೊಸ ಅಪಾಯವನ್ನೂ ಜೊತೆಗೆ ತಂದಿದೆ.

ದಾವಣಗೆರೆಯಲ್ಲಿರುವ ನನ್ನ ತಂಗಿಯ ಮಗ ಇಂಥದೊಂದು ಹಳೆಯ ಜೋಡಿಯನ್ನು ಕೊಂಡು ತಂದು ನನಗೆ ತೋರಿಸಲು ಮನೆಗೆ ಬಂದಿದ್ದ. ಪಡಸಾಲೆಯಲ್ಲಿ ಗೋಣಿಚೀಲ ಹಾಸಿ ಅದನ್ನು ಮಲಗಿಸಿದೆವು. “ಗೇಜು ಇನ್ನೂರು ತೋರಿಸ್ತಾ ಐತಲ್ಲ ಮಾವ, ಇನ್ನೇನು ನೋಡ್ಬೇಕು?” ಎಂಬುದು ಅವನ ಪ್ರಶ್ನೆ. ಬಲಬದಿಯ ರೆಗ್ಯುಲೇಟರ್‌ನ ಗುಂಡಿಯನ್ನು ಒತ್ತಿ ಹಿಡಿಯಲು ಹೇಳಿದೆ. ಗಾಳಿ ಭೋರೆಂದು ಹೊರಬರುತ್ತಲೇ ಇತ್ತು. ಎಡಬದಿಗೆ ಜೋಡಿಸಿದ್ದ ಗೇಜಿನ ಮುಳ್ಳು ಮಾತ್ರ ಇನ್ನೂರರಿಂದ ಕದಲಲಿಲ್ಲ. ನಡುವಿನ ಐಸೊಲೇಟರ್ ಮುಚ್ಚಿತ್ತು. ನೀರಿನೊಳಗೆ ಇದೇ ಸ್ಥಿತಿಯಲ್ಲಿ ಇಳಿದಿದ್ದರೆ ಅವನು ಬಲಗಡೆಯ ಸಿಲಿಂಡರ್‌ನಿಂದ ಉಸಿರಾಡುತ್ತಾ, ಎಡಗಡೆಯ ಗೇಜನ್ನು ನೋಡುತ್ತಾ, ಗಾಳಿ ಖರ್ಚೇ ಆಗುತ್ತಿಲ್ಲವೆಂದು ತಿಳಿದು, ಒಂದು ಉಸಿರಿನಿಂದ ಮುಂದಿನ ಉಸಿರಿನೊಳಗೆ ಗಾಳಿ ನಿಂತುಹೋದುದನ್ನು ಕಾಣುತ್ತಿದ್ದ. ವಾಲ್ವ್ ತೆರೆಯುವ ಅಭ್ಯಾಸ ಇದ್ದವನಿಗೆ ಅದು ಕ್ಷಣದ ಕೆಲಸ. ಇಲ್ಲದವನಿಗೆ ಬೆನ್ನ ಮೇಲೆ ಒಂದು ತುಂಬಿದ ಸಿಲಿಂಡರ್ ಇದ್ದೂ ಉಸಿರಿಲ್ಲ. ಒಂದೇ ಸಿಲಿಂಡರ್ ಇದ್ದಾಗ ಇಂಥ ದೋಷ ಹುಟ್ಟುವುದಕ್ಕೇ ಸಾಧ್ಯವಿರಲಿಲ್ಲ ಎಂಬುದನ್ನು ಗಮನಿಸಬೇಕು.

ಅದೇ ಜೋಡಿಯಲ್ಲಿ ಇನ್ನೂ ಕೆಲವು ಸಂಗತಿಗಳು ಕಂಡವು. ಸಿಲಿಂಡರ್‌ನ ಭುಜದ ಮೇಲೆ ಕೊರೆದ ದಿನಾಂಕಗಳಲ್ಲಿ ಕೊನೆಯದಕ್ಕೆ ಐದು ವರ್ಷ ಎಂದೋ ಕಳೆದಿತ್ತು. ನೀರಿನ ಒತ್ತಡ ಪರೀಕ್ಷೆ ಮರುಕಳಿಸಿರಲಿಲ್ಲ. ಹೋಸ್‌ಗಳು ನೈಲಾನ್ ಹೆಣಿಗೆಯವು, ಹೊರಗಿನಿಂದ ಹೊಸದರಂತೆ ಹೊಳೆಯುತ್ತಿದ್ದವು. ಈ ಬಗೆಯ ಕೆಲವು ಹೋಸ್‌ಗಳ ಒಳಪದರ ಶಾಖ ಮತ್ತು ತೇವಕ್ಕೆ ಕಾಲಕ್ರಮೇಣ ಶಿಥಿಲಗೊಂಡು ಒಳಗೇ ಹರಳುಗಟ್ಟುತ್ತದೆ, ಆ ಹರಳು ಗಾಳಿಯ ದಾರಿಯನ್ನೇ ಮುಚ್ಚಬಹುದು. ಹೊರನೋಟಕ್ಕೆ ಏನೂ ತಿಳಿಯುವುದಿಲ್ಲ. ಹಳೆಯ ಅಲ್ಯೂಮಿನಿಯಂ ಸಿಲಿಂಡರ್ ಕೊಳ್ಳುವವರು ಇನ್ನೊಂದನ್ನು ನೆನಪಿಡಬೇಕು: 1980ರ ದಶಕದವರೆಗೆ ಬಳಕೆಯಲ್ಲಿದ್ದ 6351 ಎಂಬ ಮಿಶ್ರಲೋಹದ ಸಿಲಿಂಡರ್‌ಗಳು ಕತ್ತಿನ ಭಾಗದಲ್ಲಿ ಬಿರುಕು ಬಿಡುವ ಗುಣದವು, ಅಂಥವು ತುಂಬಿಸುವಾಗ ಸಿಡಿದ ನಿದರ್ಶನಗಳಿವೆ. ಅಗ್ಗವಾಗಿ ಸಿಕ್ಕಿತೆಂಬ ಕಾರಣಕ್ಕೆ ಇಂಥದನ್ನು ಮನೆಗೆ ತರುವುದು ಕೊಂಡವನಿಗೆ ಮಾತ್ರವಲ್ಲ, ಅದನ್ನು ತುಂಬಿಸಿಕೊಡುವ ಕಾರ್ಮಿಕನಿಗೂ ಅಪಾಯ. ಈ ಎರಡನೆಯವನ ಬಗ್ಗೆ ಯಾರೂ ಮಾತಾಡುವುದಿಲ್ಲವೆಂಬುದು ನನಗೆ ನೋವಿನ ಸಂಗತಿ.

ಆಕ್ಸಿಜನ್ ವಿಷಯಕ್ಕೆ ಬರುತ್ತೇನೆ. ಮೇಲೇರುವಾಗ ನೈಟ್ರೋಜನ್ ಬೇಗ ಹೊರಹೋಗಲೆಂದು ತಾಂತ್ರಿಕ ಡೈವರ್‌ಗಳು ಶೇ 50 ಆಕ್ಸಿಜನ್ ಇರುವ ಮಿಶ್ರಣವನ್ನೋ ಶುದ್ಧ ಆಕ್ಸಿಜನ್ನನ್ನೋ ಪ್ರತ್ಯೇಕ ಬಾಟಲಿಯಲ್ಲಿ ಒಯ್ಯುತ್ತಾರೆ. ಒತ್ತಡದಲ್ಲಿ ಆಕ್ಸಿಜನ್ನೇ ವಿಷ. ಅದರ ಭಾಗಶಃ ಒತ್ತಡ, ಅಂದರೆ ಒಟ್ಟು ಒತ್ತಡದಲ್ಲಿ ಅದರ ಪಾಲು, ಈಜುವಾಗ 1.4 ಬಾರ್, ವಿಶ್ರಾಂತವಾಗಿ ತಂಗಿರುವಾಗ 1.6 ಬಾರ್ ಮೀರಬಾರದೆಂಬುದು ಎಲ್ಲರೂ ಒಪ್ಪಿದ ಮಿತಿ. ಆದ್ದರಿಂದ ಶೇ 50ರ ಮಿಶ್ರಣವನ್ನು 21 ಮೀಟರ್‌ಗಿಂತ ಕೆಳಗೆ, ಶುದ್ಧ ಆಕ್ಸಿಜನ್ನನ್ನು 6 ಮೀಟರ್‌ಗಿಂತ ಕೆಳಗೆ ಉಸಿರಾಡುವಂತಿಲ್ಲ. 40 ಮೀಟರ್‌ನಲ್ಲಿ ತಪ್ಪಿ ಆ ಬಾಟಲಿಯ ರೆಗ್ಯುಲೇಟರನ್ನು ಬಾಯಿಗಿಟ್ಟುಕೊಂಡರೆ ಮೂರ್ಛೆರೋಗದಂಥ ಸೆಳೆತ ಬರಬಹುದು, ಅದೂ ಮುನ್ಸೂಚನೆ ಇಲ್ಲದೆ. ನೀರಿನೊಳಗೆ ಸೆಳೆತ ಬಂದು ರೆಗ್ಯುಲೇಟರ್ ಬಾಯಿಂದ ಜಾರಿದರೆ ಮುಂದಿನದು ಹೇಳಬೇಕಾಗಿಲ್ಲ. ಈ ಕಾರಣಕ್ಕೆ ಬಾಟಲಿಯ ಪಕ್ಕದಲ್ಲಿ ಅಂಗೈಯಗಲದ ಅಂಕಿಗಳಲ್ಲಿ 21 ಎಂದೋ 6 ಎಂದೋ ಬರೆದಿರುತ್ತಾರೆ. ಗ್ಯಾಸ್ ಬದಲಿಸುವ ಮುನ್ನ ಆ ಅಂಕಿಯನ್ನು ಜೊತೆಗಾರನಿಗೆ ತೋರಿಸಿ, ಕಂಪ್ಯೂಟರ್‌ನಲ್ಲಿ ಆಳ ನೋಡಿ, ಬಾಟಲಿಯ ವಾಲ್ವಿನಿಂದ ಹೋಸಿನ ಉದ್ದಕ್ಕೂ ಬೆರಳಾಡಿಸುತ್ತಾ ಬಾಯಿಗೆ ಬರುವ ರೆಗ್ಯುಲೇಟರ್ ಅದರದ್ದೇ ಎಂದು ಖಚಿತಪಡಿಸಿಕೊಂಡು, ಆಮೇಲೆ ಬದಲಿಸಬೇಕು. ಇದನ್ನು ಆತುರವಿಲ್ಲದಾಗಲೂ ಪ್ರತಿಸಲವೂ ಹೀಗೆಯೇ ಮಾಡುವವನು ಆತುರದಲ್ಲೂ ಮಾಡಿಯಾನು.

ದಡದ ಮೇಲೂ ಆಕ್ಸಿಜನ್ ಸಾಧುವಲ್ಲ. ನಮ್ಮೂರಿನ ಯಾವ ವೆಲ್ಡಿಂಗ್ ಶಾಪಿನ ಹುಡುಗನನ್ನು ಕೇಳಿದರೂ ಆಕ್ಸಿಜನ್ ಸಿಲಿಂಡರ್‌ನ ವಾಲ್ವಿಗೆ ಎಣ್ಣೆ, ಗ್ರೀಸ್ ಸೋಕಿಸಬಾರದು, ವಾಲ್ವನ್ನು ಒಮ್ಮೆಲೇ ತಿರುಗಿಸಬಾರದು ಎಂದು ಹೇಳುತ್ತಾನೆ. ಅಧಿಕ ಒತ್ತಡದ ಆಕ್ಸಿಜನ್ ಕೊಳವೆಯೊಳಗೆ ರಭಸದಿಂದ ನುಗ್ಗಿದಾಗ ಹುಟ್ಟುವ ಶಾಖವೇ ಜಿಡ್ಡಿಗೆ ಬೆಂಕಿ ಹಚ್ಚಲು ಸಾಕು. ಶೇ 40ಕ್ಕಿಂತ ಹೆಚ್ಚು ಆಕ್ಸಿಜನ್ ಹರಿಯುವ ಸಿಲಿಂಡರ್, ವಾಲ್ವ್, ರೆಗ್ಯುಲೇಟರ್‌ಗಳನ್ನು ಅದಕ್ಕೆಂದೇ ಬಿಚ್ಚಿ, ತೊಳೆದು, ಆಕ್ಸಿಜನ್‌ಗೆ ಹೊಂದುವ ಓ-ರಿಂಗ್ ಮತ್ತು ಗ್ರೀಸ್ ಹಾಕಿ ಜೋಡಿಸಿರಬೇಕು. ಅಂಥ ಸಿಲಿಂಡರನ್ನು ಒಮ್ಮೆ ಸಾಮಾನ್ಯ ಕಂಪ್ರೆಸರ್‌ನಿಂದ ತುಂಬಿಸಿದರೂ ಅದರ ಶುದ್ಧಿ ಹೋಯಿತೆಂದೇ ತಿಳಿಯಬೇಕು. ಸಿಲಿಂಡರ್ ತುಂಬುವ ಕಂಪ್ರೆಸರ್‌ನ ಬಗ್ಗೆಯೂ ಕೇಳುವ ಹಕ್ಕು ಪ್ರತಿಯೊಬ್ಬ ಡೈವರ್‌ಗೆ ಇದೆ. ಗಾಳಿ ಎಳೆದುಕೊಳ್ಳುವ ಕೊಳವೆ ಡೀಸೆಲ್ ಎಂಜಿನ್ನಿನ ಹೊಗೆಯ ಕಡೆಗಿದ್ದರೆ ಅಥವಾ ಕಂಪ್ರೆಸರ್ ಅತಿಯಾಗಿ ಕಾದು ಎಣ್ಣೆ ಸುಟ್ಟರೆ ಸಿಲಿಂಡರ್‌ಗೆ ಕಾರ್ಬನ್ ಮಾನಾಕ್ಸೈಡ್ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ಮೇಲೆ ಗಮನಕ್ಕೆ ಬಾರದಷ್ಟು ಪ್ರಮಾಣವೂ ಆಳದ ಒತ್ತಡದಲ್ಲಿ ಹಲವು ಪಟ್ಟು ಪರಿಣಾಮ ಬೀರುತ್ತದೆ. ಫಿಲ್ಟರ್ ಯಾವಾಗ ಬದಲಾಯಿತೆಂದು ಕೇಳಿದರೆ ಪುಸ್ತಕ ತೆಗೆದು ತೋರಿಸುವ ಕೇಂದ್ರಕ್ಕೂ ಬೇಸರಪಟ್ಟುಕೊಳ್ಳುವ ಕೇಂದ್ರಕ್ಕೂ ಇರುವ ವ್ಯತ್ಯಾಸವೇ ಆಯ್ಕೆಗೆ ಸಾಕು.

ಇನ್ನು ರೀಬ್ರೀದರ್. ಹೊರಬಿಟ್ಟ ಉಸಿರನ್ನು ನೀರಿಗೆ ಬಿಡದೆ, ಅದರಲ್ಲಿನ ಇಂಗಾಲದ ಡೈಆಕ್ಸೈಡನ್ನು ಸೋಡಾ ಲೈಮ್ ಹರಳುಗಳಿಂದ ತೆಗೆದು, ಖರ್ಚಾದಷ್ಟು ಆಕ್ಸಿಜನ್ ಸೇರಿಸಿ ಮತ್ತೆ ಉಸಿರಾಡಲು ಕೊಡುವ ಈ ಯಂತ್ರ ಅದ್ಭುತವೆಂಬುದರಲ್ಲಿ ಸಂದೇಹವಿಲ್ಲ. ಗುಳ್ಳೆಯಿಲ್ಲ, ಸದ್ದಿಲ್ಲ, ಗ್ಯಾಸಿನ ಖರ್ಚು ಅತ್ಯಲ್ಪ. ಹೀಲಿಯಂ ಬೆರೆಸಿದ ಟ್ರೈಮಿಕ್ಸ್‌ನ ದುಬಾರಿ ಬೆಲೆಯನ್ನು ನೋಡಿದವರಿಗೆ ಅದರ ಆಕರ್ಷಣೆ ಅರ್ಥವಾಗುತ್ತದೆ. ಆದರೆ ಸಾಮಾನ್ಯ ಸ್ಕೂಬಾದಲ್ಲಿ ಗಾಳಿ ಮುಗಿದರೆ ಮುಗಿದದ್ದು ತಕ್ಷಣ ಗೊತ್ತಾಗುತ್ತದೆ. ರೀಬ್ರೀದರ್ ಕೆಟ್ಟಾಗ ಉಸಿರು ಎಂದಿನಂತೆ ಬರುತ್ತಲೇ ಇರುತ್ತದೆ. ಅದರಲ್ಲಿ ಆಕ್ಸಿಜನ್ ಕಡಿಮೆಯಾಗಿದ್ದರೆ ಸುಮ್ಮನೆ ಪ್ರಜ್ಞೆ ತಪ್ಪುತ್ತದೆ, ಹೆಚ್ಚಾಗಿದ್ದರೆ ಸೆಳೆತ ಬರುತ್ತದೆ. ಆಕ್ಸಿಜನ್ ಅಳೆಯಲು ಸಾಮಾನ್ಯವಾಗಿ ಮೂರು ಸೆನ್ಸರ್‌ಗಳಿರುತ್ತವೆ. ಮೂರರಲ್ಲಿ ಎರಡು ಒಪ್ಪಿದ್ದನ್ನು ಯಂತ್ರ ಸತ್ಯವೆಂದು ತೆಗೆದುಕೊಳ್ಳುತ್ತದೆ. ಒಂದೇ ದಿನ ಕೊಂಡ, ಒಂದೇ ಕಂತಿನಲ್ಲಿ ತಯಾರಾದ ಸೆನ್ಸರ್‌ಗಳು ಒಟ್ಟಿಗೇ ಮುಪ್ಪಾಗುವುದರಿಂದ ಎರಡು ಕೆಟ್ಟವು ಸೇರಿ ಸರಿಯಾಗಿರುವ ಒಂದನ್ನು ತಳ್ಳಿಹಾಕುವ ಸಂಭವವಿದೆ. ಅವುಗಳ ಆಯುಸ್ಸು ಸುಮಾರು ಒಂದು ವರ್ಷ, ಒಂದೂವರೆ ವರ್ಷ. ಬಳಸದೆ ಇಟ್ಟರೂ ಸವೆಯುತ್ತವೆ. ಹಳೆಯ ರೀಬ್ರೀದರ್ ಅಗ್ಗದಲ್ಲಿ ಸಿಕ್ಕಿತೆನ್ನುವವರು ಈ ಖರ್ಚನ್ನು ಸೇರಿಸಿ ನೋಡಿರುವುದಿಲ್ಲ.

ಇಂಗಾಲದ ಡೈಆಕ್ಸೈಡಿನ ಅಪಾಯ ಇವೆಲ್ಲಕ್ಕಿಂತ ಗೂಢ. ಸೋಡಾ ಲೈಮನ್ನು ಡಬ್ಬಿಯಲ್ಲಿ ಒತ್ತಾಗಿ, ಸಮನಾಗಿ ತುಂಬದಿದ್ದರೆ ಉಸಿರು ಸಂದುಗಳಲ್ಲಿ ಶುದ್ಧವಾಗದೆ ನುಸುಳುತ್ತದೆ. ಅರ್ಧ ಬಳಸಿದ ಹರಳನ್ನು ಮಿತವ್ಯಯದ ಹೆಸರಿನಲ್ಲಿ ಮತ್ತೆ ಬಳಸುವವರಿದ್ದಾರೆ. ನೀರು ನುಗ್ಗಿದರೆ ಬಾಯಿ ಗಂಟಲು ಸುಡುವ ಕ್ಷಾರ ಬರುತ್ತದೆ. ಡೈಆಕ್ಸೈಡ್ ಏರಿದಾಗ ತಲೆನೋವು, ಏದುಸಿರು, ಕಾರಣವಿಲ್ಲದ ದಿಗಿಲು ಆವರಿಸಿ, ಯಂತ್ರವನ್ನು ಬಿಟ್ಟು ಬೇರೆ ರೆಗ್ಯುಲೇಟರ್‌ಗೆ ಬದಲಾಯಿಸುವ ಒಂದು ಉಸಿರಿನ ವಿರಾಮವೂ ಅಸಾಧ್ಯವೆನಿಸುತ್ತದೆ. 2005ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ನೀರು ತುಂಬಿದ ಆಳದ ಗುಹೆಯಾದ ಬುಷ್‌ಮನ್ಸ್ ಹೋಲ್‌ನಲ್ಲಿ ಸುಮಾರು 270 ಮೀಟರ್ ಆಳದಲ್ಲಿ, ಹಿಂದೆ ಅಲ್ಲಿ ಮುಳುಗಿ ಸತ್ತಿದ್ದ ಯುವಕನ ದೇಹವನ್ನು ಮೇಲೆತ್ತಲು ಹೋದ ಅನುಭವಿ ಡೈವರ್ ಡೇವಿಡ್ ಶಾ ಅವರು ತೀರಿಕೊಂಡದ್ದು ದುಡಿಮೆಯ ಏದುಸಿರಿನಲ್ಲಿ ದೇಹದಲ್ಲಿ ಸೇರಿಕೊಂಡ ಈ ಅನಿಲದಿಂದಲೇ. 1998ರಿಂದ 2010ರವರೆಗೆ ಹವ್ಯಾಸಿಗಳ 181 ರೀಬ್ರೀದರ್ ಸಾವುಗಳನ್ನು ಪರಿಶೀಲಿಸಿ ಆಸ್ಟ್ರೇಲಿಯಾದ ವೈದ್ಯ ಆಂಡ್ರ್ಯೂ ಫಾಕ್ 2013ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು, ಸಾಮಾನ್ಯ ಸ್ಕೂಬಾಗಿಂತ ಇದರಲ್ಲಿ ಸಾವಿನ ಅಪಾಯ ಸುಮಾರು ಹತ್ತು ಪಟ್ಟು ಇರಬಹುದೆಂದು ಅಂದಾಜಿಸಿತು. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಸಮುದ್ರ ಕಾಣುವ ನಮ್ಮಂಥ ಒಳನಾಡಿನವರಿಗೆ, ಕೈಗೆ ಅಭ್ಯಾಸ ತಪ್ಪದಂತೆ ಉಳಿಸಿಕೊಳ್ಳುವುದೇ ಕಷ್ಟವಾಗಿರುವಾಗ, ರೀಬ್ರೀದರ್ ಮೊದಲ ತಾಂತ್ರಿಕ ಉಪಕರಣ ಆಗಬಾರದು.

ಒಳನಾಡಿನವರು ಎಂದಾಗ ನಮಗೆ ಮಾತ್ರ ಸಂಬಂಧಿಸಿದ, ಕರಾವಳಿಯ ತರಬೇತುದಾರರು ಸಾಮಾನ್ಯವಾಗಿ ಹೇಳದೆ ಬಿಡುವ ಎರಡು ಮಾತುಗಳಿವೆ. ಚಿತ್ರದುರ್ಗ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ; ಇಲ್ಲಿನ ವಾಯುಭಾರ ಮುರುಡೇಶ್ವರಕ್ಕಿಂತ ಶೇ 8ರಷ್ಟು ಕಡಿಮೆ. ಸಿಲಿಂಡರಿನಲ್ಲಿ ಶೇಕಡಾ ಎಷ್ಟು ಆಕ್ಸಿಜನ್ ಇದೆಯೆಂದು ಅಳೆಯುವ ಆಕ್ಸಿಜನ್ ಅನಲೈಸರನ್ನು ಮನೆಯಲ್ಲೇ ಸಾಮಾನ್ಯ ಗಾಳಿಗೆ ಶೇ 20.9 ಎಂದು ಹೊಂದಿಸಿಕೊಂಡು ಹೋದರೆ, ಕಡಲತೀರದಲ್ಲಿ ಅದೇ ಗಾಳಿ ಶೇ 23ರ ಹತ್ತಿರ ತೋರಿಸುತ್ತದೆ. ಶೇ 32 ಆಕ್ಸಿಜನ್ ಇರುವ ನೈಟ್ರಾಕ್ಸ್ ಮಿಶ್ರಣ ಶೇ 35ರಂತೆ ಕಾಣುತ್ತದೆ. ಆಕ್ಸಿಜನ್ ಹೆಚ್ಚಿದೆಯೆಂದು ನಂಬಿ ಕಂಪ್ಯೂಟರ್‌ಗೆ 35 ಎಂದು ತುಂಬಿದವನು ನಿಜವಾಗಿ ಹೀರಿಕೊಳ್ಳುವ ನೈಟ್ರೋಜನ್ನನ್ನು ಕಂಪ್ಯೂಟರ್ ಕಡಿಮೆ ಲೆಕ್ಕ ಹಾಕುತ್ತದೆ. ಅನಲೈಸರನ್ನು ಸಿಲಿಂಡರ್ ಪರೀಕ್ಷಿಸುವ ಜಾಗದಲ್ಲೇ, ಪರೀಕ್ಷಿಸುವ ಹೊತ್ತಿಗೇ ಹೊಂದಿಸಬೇಕು. ಇದೇ ಕಾರಣಕ್ಕೆ ಮಾರಿಕಣಿವೆಯಂಥ ಎತ್ತರದ ಜಲಾಶಯಗಳಲ್ಲಿ ಸಮುದ್ರಮಟ್ಟಕ್ಕೆಂದು ಸಿದ್ಧಪಡಿಸಿದ ಆಳ ಮತ್ತು ಸಮಯದ ಡೈವ್ ಕೋಷ್ಟಕವನ್ನು ಹಾಗೆಯೇ ಬಳಸುವಂತಿಲ್ಲ. 300 ಮೀಟರ್ ಮೇಲಿನ ಯಾವ ನೀರಿಗೂ ಎತ್ತರದ ತಿದ್ದುಪಡಿ ಬೇಕು. ಅಭ್ಯಾಸಕ್ಕೆಂದು ಕ್ವಾರಿ ಹೊಂಡಗಳಿಗೂ ಕೈಬಿಟ್ಟ ಗಣಿಗಳಲ್ಲಿ ನಿಂತ ನೀರಿಗೂ ಇಳಿಯುವ ಮಾತನ್ನು ಹುಡುಗರು ಆಡುವುದನ್ನು ಕೇಳಿದ್ದೇನೆ. ಕುಸಿಯುವ ಬದಿ, ಕಾಣದ ತಂತಿ, ಕೆಸರಿನಲ್ಲಿ ಕ್ಷಣಾರ್ಧದಲ್ಲಿ ಸೊನ್ನೆಯಾಗುವ ಬೆಳಕು ಇರುವ ಆ ಜಾಗಗಳಿಗೆ ಯಾರೂ ಇಳಿಯಬಾರದು.

ಎರಡನೆಯದು ಇನ್ನೂ ಮುಖ್ಯವಾದದ್ದು. ಡೈವ್ ಮುಗಿಸಿ ಮಧ್ಯಾಹ್ನ ಊಟ ಮಾಡಿ, ಹೊನ್ನಾವರದಿಂದ ಗೇರುಸೊಪ್ಪೆಯ ಘಾಟಿ ಹತ್ತಿ, ಜೋಗ, ಸಾಗರ, ಶಿವಮೊಗ್ಗದ ಮೇಲೆ ಅದೇ ರಾತ್ರಿ ಮನೆ ಸೇರುವುದು ನಮ್ಮವರ ಪದ್ಧತಿ. ದೇಹದಲ್ಲಿ ಇನ್ನೂ ಹೆಚ್ಚುವರಿ ನೈಟ್ರೋಜನ್ ಇರುವಾಗ ಕಡಿಮೆ ವಾಯುಭಾರದ ಎತ್ತರಕ್ಕೆ ಏರುವುದು, ನೀರಿನಿಂದ ಇನ್ನಷ್ಟು ಮೇಲಕ್ಕೆ ಎದ್ದಂತೆಯೇ. ಡೈವಿಂಗ್ ನಂತರದ ವಿಮಾನಯಾನದ ಬಗ್ಗೆ ಡೈವರ್‌ಗಳ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ 2002ರ ಕಾರ್ಯಾಗಾರ ಕೊಟ್ಟ ಸೂಚನೆ 2,000 ಅಡಿಯಿಂದ 8,000 ಅಡಿ ಎತ್ತರದ ವಾಯುಭಾರಕ್ಕೆ ಅನ್ವಯಿಸುತ್ತದೆ: ಡಿಕಂಪ್ರೆಷನ್ ಬೇಡದ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನಗಳದ್ದಾದರೆ 18 ಗಂಟೆ, ಡಿಕಂಪ್ರೆಷನ್ ಡೈವ್ ಆದರೆ 18 ಗಂಟೆಗಿಂತ ಬಹಳ ಹೆಚ್ಚು ಕಾಯಬೇಕು. ಚಿತ್ರದುರ್ಗ ಸುಮಾರು 2,400 ಅಡಿಯಲ್ಲಿದೆ. ದಾವಣಗೆರೆ ಹೆಚ್ಚುಕಡಿಮೆ ಆ 2,000 ಅಡಿಯ ಗೆರೆಯ ಮೇಲೆಯೇ ಇದೆ. ಹೀಗಾಗಿ ತಾಂತ್ರಿಕ ಡೈವ್ ಮಾಡಿದವರು ಒಂದು ಪೂರ್ತಿ ದಿನ ಕರಾವಳಿಯಲ್ಲೇ ಉಳಿದು ಬರುವಂತೆ ರಜೆ ಹೊಂದಿಸಿಕೊಳ್ಳಬೇಕು. ಸೋಮವಾರದ ಕೆಲಸಕ್ಕೆ ಹಾಜರಾಗುವ ಆತುರಕ್ಕೆ ಬೆನ್ನುಹುರಿಯನ್ನು ಒತ್ತೆಯಿಡುವುದು ಸರಿಯಲ್ಲ.

ಈ ಎಲ್ಲದರಿಂದ ನಾನು ತಾಂತ್ರಿಕ ಡೈವಿಂಗ್‌ನ ವಿರೋಧಿಯೆಂದು ಯಾರೂ ಭಾವಿಸಬಾರದು. 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಿಂದ ಹನ್ನೆರಡು ಹುಡುಗರನ್ನೂ ಅವರ ತರಬೇತುದಾರನನ್ನೂ ಹೊರತಂದದ್ದು ಗುಹಾ ಡೈವಿಂಗ್‌ನ ವಿದ್ಯೆಯೇ. ಅದೇ ಕಾರ್ಯಾಚರಣೆಯಲ್ಲಿ ಗುಹೆಯೊಳಗೆ ಗಾಳಿಯ ಸಿಲಿಂಡರ್ ಇಟ್ಟುಬರುತ್ತಿದ್ದ ಸಮನ್ ಕುನಾನ್ ಎಂಬ ಮಾಜಿ ನೌಕಾ ಯೋಧ ಜುಲೈ 6ರಂದು ಪ್ರಾಣ ಕಳೆದುಕೊಂಡರು. ನಮ್ಮ ತುಂಗಭದ್ರೆ, ಭದ್ರಾ ನಾಲೆ, ಸೂಳೆಕೆರೆಗಳಲ್ಲಿ ಯಾರಾದರೂ ಮುಳುಗಿದಾಗ ಹುಡುಕಲು ಇಳಿಯುವವರಿಗೂ ಈ ಶಿಸ್ತಿನ ತರಬೇತಿ ಸಿಗಬೇಕೆಂಬುದು ನನ್ನ ಬಹುದಿನದ ಆಸೆ. ಆದರೆ ಶಿಸ್ತು ಮೊದಲು, ಸಾಮಾನು ಆಮೇಲೆ. ಅಮೆರಿಕದ ಗುಹಾ ಡೈವರ್ ಶೆಕ್ ಎಕ್ಸ್‌ಲಿ ಅವರು ಫ್ಲಾರಿಡಾದ ಗುಹೆಗಳಲ್ಲಿ ಸತ್ತವರ ಪ್ರಕರಣಗಳನ್ನು ಪರಿಶೀಲಿಸಿದಾಗ ಮತ್ತೆ ಮತ್ತೆ ಕಂಡ ಕಾರಣಗಳು, ಹೊರದಾರಿಯವರೆಗೆ ದಾರಿ ತೋರುವ ಹಗ್ಗ ಹಾಸಿಕೊಳ್ಳದಿರುವುದು, ಗಾಳಿಯ ಮೂರನೇ ಎರಡು ಭಾಗವನ್ನು ಹಿಂದಿರುಗುವುದಕ್ಕೆ ಉಳಿಸದಿರುವುದು, ಮಿತಿ ಮೀರಿದ ಆಳಕ್ಕೆ ಇಳಿಯುವುದು. ಇವು ಯಾವುವೂ ದುಬಾರಿ ಉಪಕರಣದ ಕೊರತೆಯಿಂದ ಆದವಲ್ಲ. ಅಷ್ಟು ತಿಳಿದ ಎಕ್ಸ್‌ಲಿ ಅವರೇ 1994ರಲ್ಲಿ ಮೆಕ್ಸಿಕೊದ ಸಕಟೋನ್ ಹೊಂಡದ ಅತಿ ಆಳದಲ್ಲಿ ತೀರಿಕೊಂಡರು.

ಆದ್ದರಿಂದ ಆಸಕ್ತರಿಗೆ ನನ್ನ ಸಲಹೆ ಇಷ್ಟು. ಮೊದಲು 18, 30 ಮೀಟರ್‌ಗಳಲ್ಲಿ ನೀರಿನ ನಡುವೆ ಅಲುಗಾಡದೆ ಒಂದೇ ಆಳದಲ್ಲಿ ನಿಲ್ಲುವುದನ್ನು ಕಲಿಯಬೇಕು. ಮುಖವಾಡವಿಲ್ಲದೆಯೂ ಅದು ಸಾಧ್ಯವಾಗಬೇಕು. ನಂತರ ನೈಟ್ರಾಕ್ಸ್, ಆಮೇಲೆ ತರಬೇತಿ ಕೇಂದ್ರದ ಜೋಡಿ ಸಿಲಿಂಡರ್‌ನಲ್ಲೇ ವಾಲ್ವ್ ಮುಚ್ಚಿ ತೆರೆಯುವ ಅಭ್ಯಾಸ, ಡಿಕಂಪ್ರೆಷನ್ ಅದರ ನಂತರ. ಸ್ವಂತಕ್ಕೆ ಕೊಳ್ಳುವುದಾದರೆ ಕಂಪ್ಯೂಟರ್, ಮುಖವಾಡ, ಮೇಲ್ಮೈಗೆ ಗುರುತಿನ ಬಲೂನು ಬಿಡುವ ರೀಲ್, ರೆಗ್ಯುಲೇಟರ್ ಇವನ್ನು ಮೊದಲು ಕೊಳ್ಳಲಿ. ಸಿಲಿಂಡರ್ ಬಾಡಿಗೆಗೆ ಸಿಗುತ್ತದೆ.

ತರಬೇತಿ ಕೊಡುವವರಿಗೂ ಪ್ರವಾಸೋದ್ಯಮ ಇಲಾಖೆಗೂ ನನ್ನ ಮನವಿಯಿದೆ. ತಾಂತ್ರಿಕ ತರಬೇತಿ ಕೊಡುವ ಪ್ರತಿ ಕೇಂದ್ರವೂ ಸಿಲಿಂಡರ್‌ಗಳ ಪರೀಕ್ಷೆಯ ದಿನಾಂಕ, ಕಂಪ್ರೆಸರ್ ಫಿಲ್ಟರ್ ಬದಲಿಸಿದ ದಿನಾಂಕ, ದೋಣಿಯಲ್ಲಿ ತುರ್ತಿಗೆ ಇರುವ ಆಕ್ಸಿಜನ್ ಎಷ್ಟು ನಿಮಿಷಕ್ಕೆ ಸಾಕು, ದೇಹವನ್ನು ಮತ್ತೆ ಅಧಿಕ ಒತ್ತಡಕ್ಕೊಳಪಡಿಸಿ ಗುಳ್ಳೆ ಕರಗಿಸುವ ಮರುಒತ್ತಡ ಚಿಕಿತ್ಸೆಯ ಅತಿ ಹತ್ತಿರದ ಕೋಣೆ ಎಲ್ಲಿದೆ ಮತ್ತು ಅದು ಆ ದಿನ ಕೆಲಸ ಮಾಡುತ್ತಿದೆಯೇ ಎಂಬ ನಾಲ್ಕು ಸಂಗತಿಗಳನ್ನು ಹಲಗೆಯ ಮೇಲೆ ಬರೆದು ಹಾಕುವಂತಾಗಬೇಕು. ಇದಕ್ಕೆ ಹೆಚ್ಚಿನ ವೆಚ್ಚ ತಗಲುವುದಿಲ್ಲ.

ನಮ್ಮ ವೈದ್ಯರಲ್ಲಿಯೂ ಒಂದು ವಿನಂತಿ. ನೈಟ್ರೋಜನ್ ಗುಳ್ಳೆಗಳಿಂದ ಬರುವ ಡಿಕಂಪ್ರೆಷನ್ ಕಾಯಿಲೆಯ ಲಕ್ಷಣಗಳು ಬಹುಪಾಲು ಡೈವ್ ಆದ 24 ಗಂಟೆಯೊಳಗೆ ಕಾಣಿಸಿಕೊಳ್ಳುತ್ತವೆ; ನಮ್ಮ ಹುಡುಗರ ವಿಷಯದಲ್ಲಿ ಆ ಹೊತ್ತಿಗೆ ಅವರು ದಾವಣಗೆರೆ ಅಥವಾ ಚಿತ್ರದುರ್ಗದ ಯಾವುದೋ ಆಸ್ಪತ್ರೆಯ ತುರ್ತು ವಿಭಾಗದಲ್ಲಿರುತ್ತಾರೆ. ಭುಜದ ನೋವು, ಕಾಲಿನ ಜೋಮು, ತಲೆಸುತ್ತು, ಮೂತ್ರ ಕಟ್ಟಿಕೊಳ್ಳುವುದು ಇವುಗಳೊಂದಿಗೆ ಬಂದ ಯುವಕನನ್ನು ‘ಈಚೆಗೆ ಸಮುದ್ರಕ್ಕೆ ಇಳಿದಿದ್ದೆಯಾ’ ಎಂದು ಕೇಳದಿದ್ದರೆ ಅದು ಸ್ನಾಯು ಸೆಳೆತವೆಂದೇ ತೋರುತ್ತದೆ. ಶೇ 100 ಆಕ್ಸಿಜನ್ ತಕ್ಷಣ ಆರಂಭಿಸಿ, ಮರುಒತ್ತಡ ಚಿಕಿತ್ಸೆ ಇರುವಲ್ಲಿಗೆ ಎತ್ತರಕ್ಕೆ ಹೋಗದ ದಾರಿಯಲ್ಲಿ ಸಾಗಿಸುವುದು ಆಗಬೇಕಾದ ಕೆಲಸ. ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಅಕ್ಟೋಬರಿನಲ್ಲಿ ನೇತ್ರಾಣಿಯ ದೋಣಿಗಳು ಹೊರಡುವ ಮೊದಲು ತುರ್ತು ವಿಭಾಗದ ಕಿರಿಯ ವೈದ್ಯರಿಗೆ ಈ ವಿಷಯದಲ್ಲಿ ಒಂದು ಉಪನ್ಯಾಸ ಏರ್ಪಡಿಸಬೇಕೆಂದು ಆ ಕಾಲೇಜುಗಳನ್ನು ಕೋರುತ್ತೇನೆ. ತಮ್ಮ ಪತ್ರಿಕೆಯೂ ನೇತ್ರಾಣಿಯ ಪ್ರವಾಸ ಮಾಹಿತಿ ಪ್ರಕಟಿಸುವಾಗಲೆಲ್ಲ ಘಾಟಿ ಹತ್ತುವ ಮುನ್ನ ಕಾಯಬೇಕಾದ ಗಂಟೆಗಳನ್ನು ಅದರ ಜೊತೆಗೇ ಅಚ್ಚು ಮಾಡಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓದುಗರೊಬ್ಬರು, ಚಿತ್ರದುರ್ಗ